ದೃಷ್ಟಿಗೆ ಬಿಟ್ಟ ಎಳೆ

ದೊಡ್ಡಮ್ಮನ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಮಾತು ಬಿಟ್ಟು ಬೇರೆ ಮನೆ ಮಾಡಿದಂತೆ ದೂರ ನಿಂತಿತ್ತು. ಮೂವತ್ತು ಮೂವತ್ತೈದು ವರ್ಷ ಗುಂಡಿಮಗ್ಗದೊಳಗೆ ಕಾಲು ಇಳಿಬಿಟ್ಟು, ಅದೊಂದೇ ಬೆರಳಿನಿಂದ ತುಳಿಹಲಗೆಯನ್ನು ಒತ್ತಿ ಒತ್ತಿ ಹಾಗಾಗಿತ್ತು. ಅವರ ಕಾಲಿಗೆ ಹೊಂದುವ ಚಪ್ಪಲಿ ಕೊಳ್ಳೇಗಾಲದ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. “ಪಾದಕ್ಕೊಂದು, ಬೆರಳಿಗೊಂದು, ಬಿಡಿಬಿಡಿಯಾಗಿ ಕೊಡಪ್ಪ” ಎಂದು ಒಮ್ಮೆ ನಾನೇ ಅವರ ಧ್ವನಿಯಲ್ಲಿ ಅಂಗಡಿಯವನನ್ನು ಕೇಳಿದ್ದೆ. ಅಂಗಡಿಯವನು ಅವರತ್ತ ತಿರುಗಿ ಉತ್ತರ ಕೊಟ್ಟ. ಅವರು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು.

ನೇಕಾರರ ಬೀದಿಯಲ್ಲಿ ಅವರ ಮನೆ ನಮ್ಮದಕ್ಕೆ ಎದುರು. ರಕ್ತಸಂಬಂಧ ಇಲ್ಲ; ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಚರಂಡಿ ಮಾತ್ರ. ಆದರೂ ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ, ಅವರು ನನ್ನನ್ನು ಕೋಡಂಗಿ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಂದೇ ಮಗ್ಗದ ಮೇಲೆ ಒಬ್ಬಳೇ ಮಗಳನ್ನು ಸಾಕಿ ಯಳಂದೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಬೈಯುವುದು ಕನ್ನಡದಲ್ಲಿ, ಎಳೆ ಎಣಿಸುವುದು ಮಾತ್ರ ತೆಲುಗಿನಲ್ಲಿ. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಕನ್ನಡ ಶುರುವಾಗುತ್ತಿತ್ತು.

ನನ್ನ ಕಸುಬು ಮೈಕು ಕಟ್ಟಿದ ಆಟೋದ್ದು. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ಊರುಗಳ ಬೀದಿಯಲ್ಲಿ ಸೀರೆ ಸೇಲು, ಕಣ್ಣಿನ ಶಿಬಿರ, ಕಳೆದುಹೋದ ಎಮ್ಮೆ, ಎಲ್ಲವನ್ನೂ ಕೂಗುತ್ತೇನೆ. ಬಿಡುವಿದ್ದಾಗ ಮದುವೆಮನೆಗಳಲ್ಲಿ ಮಿಮಿಕ್ರಿ. ಸತ್ತೇಗಾಲದ ಬಸ್ಸಿನ ಕಂಡಕ್ಟರ್ ಚಿಲ್ಲರೆ ಇಲ್ಲವೆನ್ನುವುದು, ನಮ್ಮಪ್ಪ ಗೊರಕೆಯ ನಡುವೆ ದೇವರ ಹೆಸರು ಹೇಳುವುದು, ವೇದಿಕೆ ಹತ್ತುವ ಮೊದಲು ನನ್ನ ಮಂಡಿ ಒಂದಕ್ಕೊಂದು ಬಡಿಯುವುದು, ಎಲ್ಲವೂ ನನ್ನ ಸರಕು. ನಾನು ಅನುಕರಿಸದ ಮನುಷ್ಯ ನಮ್ಮ ಬೀದಿಯಲ್ಲಿಲ್ಲ. ನನ್ನದೇ ಆದ ಧ್ವನಿ ಯಾವುದು ಎಂದು ಕೇಳಿದರೆ ನನಗೂ ಗೊತ್ತಿಲ್ಲ.

ಒಂದು ದಿನ ಅವರ ಕಿಟಕಿಯ ಕೆಳಗೆ ಕೂತು ನಾಲಿಗೆಯಲ್ಲೇ ಮಗ್ಗದ ಸದ್ದು ಮಾಡಿದೆ. ಲಾಳಿ ಓಡುವ ಸದ್ದು, ಆಮೇಲೆ ಹಲಗೆ ಬಡಿಯುವ ಸದ್ದು. ಪಕ್ಕದ ಮನೆಯಲ್ಲಿ ಹೊಸ ಮಗ್ಗ ಬಂತೇನೋ ಎಂದು ಅವರು ಕೈ ಚುರುಕು ಮಾಡಿದರು. ನಾನೂ ಚುರುಕಾದೆ. ಸ್ವಲ್ಪ ಹೊತ್ತಿಗೆ ಒಳಗಿನ ಮಗ್ಗ ನಿಂತಿತು, ನನ್ನದು ನಿಲ್ಲಲಿಲ್ಲ. ಕಿಟಕಿಯಿಂದ ಒಂದು ತಂಬಿಗೆ ನೀರು ಬಂತು.

“ಎಲ್ಲಾ ಸರಿ ಕಣ್ಲಾ,” ಎಂದರು ಆಮೇಲೆ, ನಾನು ತಲೆ ಒರೆಸಿಕೊಳ್ಳುತ್ತಿದ್ದಾಗ. “ಆದ್ರ ನನ್ನ ಎಡಗೈ ವಸಿ ನಿದಾನ. ನೀನು ಎರಡ್ನೂವೆ ಒಂದೇ ಸಮ ಬಡಿತೀಯ. ಗಂಟ್ಲು ತಕಂಡಿದ್ದೀಯ, ಉಸ್ರು ತಕಂಡಿಲ್ಲ.”

ಅದಕ್ಕಿಂತ ದೊಡ್ಡ ಪಾಠವನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ಆವತ್ತಿನಿಂದ ಯಾರನ್ನು ಅನುಕರಿಸಬೇಕಾದರೂ ಮೊದಲು ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ನೋಡುತ್ತೇನೆ.

ಅವರ ಕೆಲಸದಲ್ಲಿ ನಾನು ಮರೆಯದೆ ಉಳಿಸಿಕೊಂಡದ್ದು ಎರಡು ಮಾತು. ಎರಡನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಕತೆಯೆಲ್ಲ ಈ ಎರಡರ ನಡುವೆ ನಾನು ಮಾಡಿದ ಆಯ್ಕೆ.

ಒಂದು ಸಲ ಒಂದು ಸೀರೆಯ ಮೈಯಲ್ಲಿ ಸಣ್ಣ ಗೆರೆ ಬರತೊಡಗಿತು. ನೇಯ್ದಷ್ಟೂ ಗೆರೆ ಉದ್ದವಾಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಚ್ಚಿ ಮಡಿಸಿ, ರೇಷ್ಮೆ ಕೊಟ್ಟು ಕೂಲಿಗೆ ನೇಯಿಸುವ ಸಾಹುಕಾರನಿಗೆ ಸಾಗಿಸುತ್ತಿದ್ದರು. ದೊಡ್ಡಮ್ಮ ಮಗ್ಗ ನಿಲ್ಲಿಸಿ, ಉದ್ದಕ್ಕೆ ಬಿಗಿದ ಹಾಸಿನ ಒಂದೊಂದೇ ಎಳೆಯನ್ನು ಉಗುರಿನಿಂದ ಎತ್ತುತ್ತಾ ಕೂತರು. ಒಕಟಿ, ರೆಂಡು, ಮೂಡು... ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನದ ಊಟದ ಹೊತ್ತು ದಾಟಿತು. ಕೊನೆಗೆ, ಪಕ್ಕದ ಎಳೆಯ ಮೇಲೆ ಹತ್ತಿ ಕೂತಿದ್ದ ಒಂದು ಎಳೆ ಸಿಕ್ಕಿತು. ಅದನ್ನು ಕಿತ್ತು, ಹೊಸದನ್ನು ಗಂಟು ಹಾಕಿದ್ದು ಎರಡು ನಿಮಿಷದ ಕೆಲಸ.

“ಇಷ್ಟಕ್ಕೆ ಅರ್ಧ ದಿನ ಹಾಳು ಮಾಡ್ಕೊಂಡ್ರಲ್ಲ ದೊಡ್ಡಮ್ಮ” ಎಂದೆ.

“ಸಿಕ್ಕೋ ಗಂಟ ಅದು ಪೀಡೆ ಕಣ್ಲಾ. ಸಿಕ್ಕುದ್ ಮ್ಯಾಲ ಅದು ಬರೀ ಕೆಲ್ಸ” ಎಂದರು.

ಎರಡನೆಯದು ಮಾತಿಗಿಂತ ಹೆಚ್ಚಾಗಿ ಪದ್ಧತಿ. ಇಷ್ಟು ಕಟ್ಟುನಿಟ್ಟಿನ ಅದೇ ಹೆಂಗಸು ಪ್ರತಿ ಸೀರೆಯಲ್ಲೂ ಸೆರಗು ಮುಗಿಯುವ ಕೊನೆಯ ಗೇಣಿನಲ್ಲಿ, ಎಡ ಅಂಚಿಗೆ ಒಂದು ಬೇರೆ ಬಣ್ಣದ ಎಳೆಯನ್ನು ಬೇಕೆಂದೇ ತಪ್ಪಾಗಿ ಸೇರಿಸುತ್ತಿದ್ದರು. ಅವರತ್ತೆ ಕಲಿಸಿದ್ದಂತೆ. ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟ ಹಾಗೆ. “ಪೂರಾ ಚೆನ್ನಾಗಿದ್ರ ದೃಷ್ಟಿ ಆದದು. ಒಂದೆಳೆ ತಪ್ಪು ಬುಟ್ರ ಕಣ್ಣು ಅಲ್ಲಿಗೋಗಿ ನಿಂತ್ಕತ್ತದ” ಎನ್ನುತ್ತಿದ್ದರು. ಸಾಹುಕಾರನಿಗೂ ಗೊತ್ತಿರಲಿಲ್ಲ, ಉಡುವವರಿಗೂ ಗೊತ್ತಿರಲಿಲ್ಲ. ಎಲ್ಲಿದೆ ಎಂದು ಬಲ್ಲವರು ಅವರು, ಅವರ ಮಗಳು, ಮತ್ತು ಬೇಡದ ಕಡೆ ಮೂಗು ತೂರಿಸುವ ನಾನು.

ಹೊಟ್ಟೆ ಉಬ್ಬರ ಎಂದು ಅವರು ಮೊದಲು ಜೀರಿಗೆ ಕಷಾಯ ಕುಡಿದರು. ಆಮೇಲೆ ಸೋಡಾ. ಮಗ್ಗದ ಗುಂಡಿಗೆ ಇಳಿದರೆ ಹೊಟ್ಟೆ ಹಲಗೆಗೆ ತಾಗುತ್ತದೆ ಎಂದ ದಿನ ನಾನು ಆಟೋದಲ್ಲಿ ಕೂರಿಸಿಕೊಂಡು ಕಾಮಗೆರೆಯ ಆಸ್ಪತ್ರೆಗೆ ಕರೆದೊಯ್ದೆ. ಸ್ಕ್ಯಾನ್ ನೋಡಿದವರು ತಡಮಾಡದೆ ಮೈಸೂರಿಗೆ ಬರೆದುಕೊಟ್ಟರು. ಮೈಕು ಬಿಚ್ಚಲು ನನಗೆ ಸಮಯವಿರಲಿಲ್ಲ.

“ಲೇ, ಆ ಹಾರನ್ನಿಗೆ ಒಂದು ಟವಲ್ ಸುತ್ತಲಾ,” ಎಂದರು ದಾರಿಯಲ್ಲಿ. “ನನ್ನ ಒಟ್ಟೆ ವಿಸ್ಯವ ಊರಿಗೆಲ್ಲ ಸಾರ್ಕಂಡು ಓಯ್ತಾವ್ನೆ ಅಂದಾರು.”

ಅಂಡಾಶಯದ ಕ್ಯಾನ್ಸರ್. ಆಪರೇಷನ್ ಆಯಿತು, ತಿಂಗಳುಗಟ್ಟಲೆ ಕೀಮೋ ಡ್ರಿಪ್ ಆಯಿತು. ಇದಕ್ಕೆಲ್ಲ ಸರ್ಕಾರಿ ಕಾರ್ಡು ನಡೆಯಿತು. ಕೂದಲು ಉದುರಿದಾಗ “ನೋಡ್ಲಾ, ತಿರುಪತಿ ಖರ್ಚು ಉಳೀತು” ಎಂದರು. ಪ್ರತಿ ಸಲವೂ ನಾನೇ ಜೊತೆಗೆ. ಆಸ್ಪತ್ರೆಯ ಫೈಲಿನಲ್ಲೂ ನನ್ನದೇ ಫೋನ್ ನಂಬರು.

ಡ್ರಿಪ್ ಮುಗಿಯುತ್ತಾ ಬಂದಾಗ ಅಲ್ಲಿನ ಡಾಕ್ಟರಮ್ಮ ಒಂದು ಪ್ರಶ್ನೆ ಕೇಳಿದರು. ಚಿಕ್ಕ ವಯಸ್ಸಿನವರು, ಮಾತಾಡುವ ಮೊದಲು ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ “ಅಮ್ಮ, ನೋಡೋಣ” ಎನ್ನುವುದು ಅವರ ಅಭ್ಯಾಸ.

“ಅಮ್ಮ, ನೋಡೋಣ, ನಿಮ್ಮ ತಾಯಿ ಕಡೆ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ?”

“ಇಲ್ಲ ಕಣ್ ತಾಯಿ, ನಮ್ಮ ವಂಸದಲ್ಲೇ ಆ ಕಾಯ್ಲ ಇಲ್ಲ. ನಮ್ಮವ್ವ ಹನೂರಲ್ಲಿ ಒಟ್ಟೆಗೆ ನೀರು ತುಂಬ್ಕಂಡು ಓದ್ಲು. ನಮ್ಮಕ್ಕ ರಾಮಾಪುರದಲ್ಲಿ ಎದೆ ಗಂಟು ಒಡ್ದು ಓದ್ಲು. ಕ್ಯಾನ್ಸರು ಯಾರ್ಗೂ ಇಲ್ಲ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಆಮೇಲೆ ನಿಧಾನವಾಗಿ ವಿವರಿಸಿದರು. ದೇಹವನ್ನು ಹೇಗೆ ಕಟ್ಟಬೇಕು ಎನ್ನುವುದು ಪ್ರತಿ ಜೀವಕೋಶದಲ್ಲೂ ಬರೆದಿರುತ್ತದೆ. ತಾಯಿಯಿಂದ, ತಂದೆಯಿಂದ ಮಕ್ಕಳಿಗೆ ಇಳಿದು ಬರುವ ಬರಹ ಅದು. ರಕ್ತ ತೆಗೆದು ಅದನ್ನು ಸಾಲುಸಾಲಾಗಿ ಓದಿ, ತಪ್ಪೆಲ್ಲಿದೆ ಎಂದು ಹುಡುಕುವ ಪರೀಕ್ಷೆಯೊಂದಿದೆ. ಜೀನ್ ಟೆಸ್ಟ್ ಅನ್ನುತ್ತಾರೆ. “ತಪ್ಪು ಸಿಕ್ಕಿದ್ರೆ ಅದಕ್ಕೆ ಸರಿಹೋಗೋ ಮಾತ್ರೆ ಇದೆ, ಕಾಯಿಲೆ ಬೇಗ ವಾಪಸ್ ಬರದ ಹಾಗೆ ತಡೀಬಹುದು. ಮಾತ್ರೆಯೂ ದುಬಾರಿ, ಸಹಾಯ ಸಿಗುತ್ತಾ ಅಂತ ನಾನೂ ಓಡಾಡ್ತೀನಿ. ಏನೂ ಸಿಗದೇನೂ ಇರಬಹುದು ಅಮ್ಮ. ಗ್ಯಾರಂಟಿ ಕೊಡಲ್ಲ. ಆದ್ರೆ ನಿಮ್ಮ ಮಗಳಿಗೋಸ್ಕರನಾದ್ರೂ ಯೋಚನೆ ಮಾಡಿ.”

ಈ ಟೆಸ್ಟು ಮಾತ್ರ ಕಾರ್ಡಿನಲ್ಲಿ ಬರುವುದಿಲ್ಲ ಎಂದರು. ಹೊರಗೆ ಕೌಂಟರಿನಲ್ಲಿ ವಿಚಾರಿಸಿದೆ. ದೊಡ್ಡಮ್ಮನ ಲೆಕ್ಕದಲ್ಲಿ ಹತ್ತು ಸೀರೆಯ ಕೂಲಿ. ಗಟ್ಟಿಯಾಗಿದ್ದಾಗ ತಿಂಗಳಿಗೆ ಮೂರು ನೇಯುತ್ತಿದ್ದವರು ಈಗ ಒಂದಕ್ಕೆ ಎರಡು ತಿಂಗಳು ಹಿಡಿಯುತ್ತಿದ್ದರು. ಆದರೂ ದುಡ್ಡು ಇರಲಿಲ್ಲವೆಂದಲ್ಲ. ಮೊಮ್ಮಗಳ ಕಿವಿ ಚುಚ್ಚಿಸಲು, ಚಿನ್ನದ ಓಲೆಗೆಂದು ರಾಗಿ ಡಬ್ಬಿಯಲ್ಲಿ ಕೂಡಿಟ್ಟದ್ದು ಇತ್ತು. ಊರು ತಲುಪಿ ಆಟೋದಿಂದ ಇಳಿಯುವಾಗ ಕೇಳಿದರು: “ನೀನೇನಂದಿಯಾ?”

ನಾನು ತಲೆ ಎಡಕ್ಕೆ ವಾಲಿಸಿ “ಅಮ್ಮ, ನೋಡೋಣ” ಎಂದೆ. ಅವರಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಅಲ್ಲಿಂದಲೇ ನಾನು ಹಾದಿ ತಪ್ಪಿದೆ.

ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಮಗ್ಗಕ್ಕೆ ರಜ. ಮಧ್ಯಾಹ್ನ ಹೆಂಗಸರೆಲ್ಲ ದೊಡ್ಡಮ್ಮನ ಜಗಲಿಯಲ್ಲಿ ಸೇರಿದ್ದರು. ತಲೆಗೆ ಟವಲ್ ಕಟ್ಟಿಕೊಂಡು ಕಂಬಕ್ಕೆ ಒರಗಿದ್ದ ಅವರೇ ಕರೆದರು: “ಬಾರ್ಲಾ ಕೋಡಂಗಿ, ಆ ಡಾಕ್ಟ್ರಮ್ಮನ್ ತರ ಮಾಡು. ಇವ್ರೂ ನೋಡ್ಲಿ.”

ಕರೆದರೆ ಬಿಡುವವನೇ ನಾನು? ನಮ್ಮಪ್ಪನ ಬಿಳಿ ಪಂಚೆಯನ್ನು ಕೋಟಿನಂತೆ ಹೊದ್ದು, ನೂಲಿನ ಲಡಿಯನ್ನು ಸ್ಟೆತಾಸ್ಕೋಪಿನಂತೆ ಕೊರಳಿಗೆ ಹಾಕಿಕೊಂಡೆ. “ಅಮ್ಮ, ನೋಡೋಣ. ನಿಮ್ಮೊಳಗೆ ಏನು ಬರೆದಿದೆ ಅಂತ ಓದೋಕೆ ಹತ್ತು ಸೀರೆ ಕೂಲಿ ಇಡಿ. ಓದಿ ಆದ್ಮೇಲೆ ಮಾತ್ರೆಗೆ ಮಗ್ಗ ಇಡಿ. ಮಾತ್ರೆ ನುಂಗೋ ನೀರು ಮಾತ್ರ ನಮ್ಮ ಕಡೆಯಿಂದ ಫ್ರೀ!” ಜಗಲಿ ಬಿದ್ದು ಬಿದ್ದು ನಕ್ಕಿತು. ಡಾಕ್ಟರಮ್ಮನ ಮಾತೆಲ್ಲವನ್ನೂ ಆಡಿದೆ, ಉಸಿರು ಸಮೇತ. ಮಗಳಿಗೋಸ್ಕರನಾದ್ರೂ ಎಂದ ಒಂದು ವಾಕ್ಯವನ್ನು ಮಾತ್ರ ಬಿಟ್ಟೆ. ಅದರಲ್ಲಿ ನಗು ಇರಲಿಲ್ಲ.

“ಅದ್ಸರಿ ಕಣಪ್ಪ, ಓದ್ದಾಗ ತಪ್ಪು ಸಿಕ್ಬುಟ್ರ?” ಎಂದಳು ನಮ್ಮವ್ವ.

ನಾನು ಪಂಚೆಯನ್ನು ತೆಗೆದು ಮೈಮೇಲೆ ಶಲ್ಯದಂತೆ ಹಾಕಿಕೊಂಡು, ದನಿ ಗಡುಸು ಮಾಡಿ ಬ್ರಹ್ಮನಾದೆ. “ನಾನೂ ನೇಕಾರ ಕಣವ್ವ! ಈ ಎಣ್ಣು ಪೂರಾ ಚೆನ್ನಾಗಿ ಬಂದ್ಬುಡ್ತು, ದೃಷ್ಟಿ ಆದದು ಅಂತ ಒಂದೆಳೆ ಬೇಕೂಂತ್ಲೇ ತಪ್ಪು ಬುಟ್ಟಿವ್ನಿ. ಅದ ಹುಡುಕ್ಕಂಡು ಯಾರೂ ಬರ್ಬೇಡಿ!”

ದೊಡ್ಡಮ್ಮ ಆಪರೇಷನ್ನಿನ ಹೊಲಿಗೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬಂತು. ಆಮೇಲೆ, ಇನ್ನೂ ನಗುತ್ತಲೇ, “ಸರ್ಯಾಗೇಳ್ದೆ ಕಣ್ಲಾ. ಅವ್ನೇ ಬೇಕೂಂತ ಬುಟ್ಟ ಎಳೆಯ ನಾವ್ಯಾಕ ಹುಡುಕದು?” ಎಂದರು.

ಅಷ್ಟೇ. ಒಂದು ಕುಟುಂಬ ವಾರಗಟ್ಟಲೆ ಕೂತು ತೀರ್ಮಾನಿಸಬೇಕಾದದ್ದು ಒಂದು ಚಪ್ಪಾಳೆಯಲ್ಲಿ ತೀರ್ಮಾನವಾಯಿತು. ಮುಂದಿನ ಸಲ ಮೈಸೂರಿಗೆ ಹೋದಾಗ ಡಾಕ್ಟರಮ್ಮನಿಗೂ ಅದೇ ಉತ್ತರ ಕೊಟ್ಟರು, ನನ್ನ ಕಡೆ ಬೆರಳು ತೋರಿಸಿ, ಹೆಮ್ಮೆಯಿಂದ: “ಇವ್ನೇ ಏಳಿದ್ದು ತಾಯಿ.” ಡಾಕ್ಟರಮ್ಮ ನನ್ನನ್ನು ನೋಡಿದರು. ಆ ಮಾತು ಕೇಳಿ ನಗದಿದ್ದವರು ಅವರೊಬ್ಬರೇ.

ಡಬ್ಬಿಯ ದುಡ್ಡು ಓಲೆಯಾಯಿತು. ಯಳಂದೂರಿನಲ್ಲಿ ಕಿವಿ ಚುಚ್ಚುವ ಶಾಸ್ತ್ರ. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ದೊಡ್ಡಮ್ಮನಿಗೆ ಗಂಡುಮಕ್ಕಳಿಲ್ಲ, ಹಾಗಾಗಿ ನಾನೇ ಮಾವನಾದೆ. ಮಗು ಅಳುವ ಮೊದಲೇ ನಾನು ಅದರ ಧ್ವನಿಯಲ್ಲಿ ಅತ್ತೆ. ಅದು ಬೆರಗಾಗಿ ನನ್ನ ಬಾಯಿ ನೋಡುತ್ತಿದ್ದಾಗ ಎರಡೂ ಕಿವಿ ಚುಚ್ಚಿ ಮುಗಿದಿತ್ತು. ಎಲ್ಲರೂ ನನ್ನನ್ನು ಹೊಗಳಿದರು. ಹೋಳಿಗೆ ಎರಡು ಹೆಚ್ಚಿಗೆ ಹಾಕಿಸಿಕೊಂಡೆ.

ಒಂದೂವರೆ ವರ್ಷ ಕಳೆದಿರಬೇಕು. ದೊಡ್ಡಮ್ಮ ಒಂದು ಬೆಳಿಗ್ಗೆ ಚರಂಡಿ ದಾಟಿ ನಮ್ಮ ಮನೆಗೆ ಬಂದು, ಸೆರಗು ಸರಿಸಿ ಹೊಟ್ಟೆ ತೋರಿಸಿದರು.

“ನಮ್ಮವ್ವನ ನೀರು ಬಂತು ಕಣ್ಲಾ” ಎಂದರು.

ಮೈಸೂರಿನ ದಾರಿಯಲ್ಲಿ ಅವರೇ ಕೇಳಿದರು: “ಆ ಟೆಸ್ಟ ಈಗ್ಲೂ ಮಾಡರಾ?” ನಾನು ಹೂಂ ಎಂದೆ. “ನಂಗಲ್ಲ. ನನ್ ಮಗ್ಳು ಅದಳಲ್ಲ. ಅವಳ್ ಮಗ್ಳು ಅದಳಲ್ಲ.” ಗಾಡಿ ನಿಲ್ಲಿಸಿಬಿಟ್ಟೆ. ಏನೋ ಹೇಳಲು ಹೋದೆ. ಯಾರ ಧ್ವನಿಯೂ ಸಿಗಲಿಲ್ಲ. ದೊಡ್ಡಮ್ಮ ಹಿಂದಿನಿಂದ ಕೈ ಚಾಚಿ ನನ್ನ ತಲೆಗೆ ಮೊಟಕಿದರು.

“ಲೇ, ನಗ್ಸು ಅಂದೋಳು ನಾನು. ನಗಾಡ್ದೋಳೂ ನಾನೆಯ. ನಿಂದೇನ್ಲಾ ಅದ್ರಲ್ಲಿ? ಗಾಡಿ ಓಡ್ಸು.”

ಅವರು ಕ್ಷಮಿಸಿದರು. ಅದರಿಂದ ನನಗೇನೂ ಹಗುರವಾಗಲಿಲ್ಲ.

ಈ ಸಲ ಟೆಸ್ಟಿನ ದುಡ್ಡು ಅಕ್ಕನ ಕೈಬಳೆಯಿಂದ ಬಂತು. ಅವರ ಮಗಳನ್ನು ನಾನು ಅಕ್ಕ ಎನ್ನುತ್ತೇನೆ. ದೊಡ್ಡಮ್ಮನ ರಕ್ತ ತೆಗೆದುಕೊಂಡರು, ವರದಿ ಬರಲು ವಾರಗಳು ಬೇಕು ಎಂದರು. ದೊಡ್ಡಮ್ಮ ಊರಿಗೆ ಬಂದವರೇ, ಉಳಿದ ರೇಷ್ಮೆಯನ್ನೆಲ್ಲ ಕೂಡಿಸಿ ಮಗಳಿಗೆಂದು ಒಂದು ಸೀರೆಯನ್ನು ಮಗ್ಗಕ್ಕೆ ಏರಿಸಿದರು. ನಾನೂ ನಮ್ಮವ್ವನೂ ಕಂಕುಳಿಗೆ ಕೈ ಕೊಟ್ಟು ಗುಂಡಿಗೆ ಇಳಿಸುತ್ತಿದ್ದೆವು. ದಿನಕ್ಕೊಂದು ಗೇಣು, ಕೆಲವು ದಿನ ನಾಲ್ಕು ಬೆರಳು. ಎಡಗೈ ಮೊದಲಿಗಿಂತ ಇನ್ನೂ ನಿಧಾನ. ಎದುರು ಜಗಲಿಯಲ್ಲಿ ಕೂತು ಆ ಸದ್ದು ಕೇಳುತ್ತಿದ್ದೆ, ನಾಲಿಗೆ ಆಡಿಸಲಿಲ್ಲ.

ಸೀರೆ ಮುಗಿಸಿ, ಕತ್ತರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಇಟ್ಟ ಮೇಲೆ ಅವರು ಹತ್ತು ದಿನ ಇದ್ದರು.

ನಮ್ಮಲ್ಲಿ ಸತ್ತವರ ಕಾಲಿನ ಎರಡು ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುತ್ತಾರೆ. ಬಲಗಾಲಿನ ಆ ಬೆರಳು ಕಟ್ಟಿಗೆ ಬರಲಿಲ್ಲ. ಎರಡು ಸಲ ಬಟ್ಟೆಯ ದಾರ ಜಾರಿತು. ಕೊನೆಗೆ ನಮ್ಮವ್ವ ಒಳಗೆ ಹೋಗಿ ಮಗ್ಗದಲ್ಲಿ ಉಳಿದಿದ್ದ ರೇಷ್ಮೆ ಎಳೆಗಳನ್ನು ತಂದು, ಹುರಿ ಮಾಡಿ ಕಟ್ಟಿದಳು. ಆಗ ನಿಂತಿತು.

ಐದನೆಯ ದಿನ ನನ್ನ ಫೋನಿಗೆ ಕರೆ ಬಂತು. ಡಾಕ್ಟರಮ್ಮ. ಅಮ್ಮ ಹೇಗಿದ್ದಾರೆ ಎಂದು ಕೇಳಿದರು; ಹೇಳಿದೆ. ಆಮೇಲೆ ವರದಿ ಬಂದಿದೆ ಎಂದರು. ತಪ್ಪು ಸಿಕ್ಕಿತ್ತು. ತಾಯಿಯಿಂದ ಇಳಿದು ಬಂದದ್ದೇ ಇರಬೇಕು. ಆ ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಜಾತಿಯದ್ದೇ. “ಅವತ್ತೇ ಗೊತ್ತಾಗಿದ್ದಿದ್ರೆ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಒಳ್ಳೆಯವರು. ವಾಕ್ಯವನ್ನು ಮುಗಿಸುವ ಕೆಲಸವನ್ನು ನಾನು ಇವತ್ತಿಗೂ ಮಾಡುತ್ತಿದ್ದೇನೆ. ಉಳಿಯುತ್ತಿದ್ದರು ಎಂದು ಯಾರೂ ಹೇಳಿಲ್ಲ. ಇನ್ನೊಂದಷ್ಟು ದಿನ, ಇನ್ನೊಂದಷ್ಟು ಸೀರೆ, ಇರಬಹುದಿತ್ತು. ಆ ‘ಬಹುದಿತ್ತು’ ಎಷ್ಟು ಉದ್ದದ್ದು ಎಂದು ಗೊತ್ತಿಲ್ಲ.

ಮಗಳಿಗೂ ಅದು ಬಂದಿರಬಹುದು, ಬರದೆಯೂ ಇರಬಹುದು. ಎಲ್ಲಿ ಹುಡುಕಬೇಕೆಂದು ಈಗ ಗೊತ್ತಿರುವುದರಿಂದ ಮಗಳ ಟೆಸ್ಟಿಗೆ ಅಷ್ಟು ಖರ್ಚಿಲ್ಲ, ಕರೆದುಕೊಂಡು ಬನ್ನಿ ಎಂದರು. ಅಕ್ಕ ಒಪ್ಪಲಿಲ್ಲ. “ಬೇಡ ಕಣೋ. ಗೊತ್ತಾದ್ರ ದಿನಾ ಸಾಯ್ಬೇಕು. ಗೊತ್ತಿಲ್ದೆ ಇರದೇ ವಾಸಿ. ನೀನೇ ಏಳಿದ್ಯಲ್ಲ, ಬ್ರಹ್ಮ ಬುಟ್ಟ ಎಳೆ ಅಂತ.” ನನ್ನ ಮಾತು ಕೊಳ್ಳೇಗಾಲದಿಂದ ಯಳಂದೂರಿಗೆ ಮೈಕಿಲ್ಲದೆಯೇ ತಲುಪಿತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅಕ್ಕ ಟ್ರಂಕು ತೆಗೆದಳು. ಮಾವಿನ ಚಿಗುರಿನ ಬಣ್ಣದ ಮೈ, ಅರಿಸಿನ ಅಂಚು. ಸೆರಗು ಬಿಡಿಸಿ ಎಡ ಅಂಚಿನ ಕೊನೆಯ ಗೇಣಿನ ಮೇಲೆ ಬೆರಳಾಡಿಸಿದಳು. ತಿರುಗಿಸಿ ನೋಡಿದಳು. ಬಾಗಿಲ ಬೆಳಕಿಗೆ ಹಿಡಿದಳು.

“ಸಿಕ್ತಿಲ್ವಲ್ಲೋ. ನೀನು ನೋಡು.”

ನಾನು ನೋಡಿದೆ. ಬಲ ಅಂಚನ್ನೂ ನೋಡಿದೆ. ಒಂದೊಂದೇ ಎಳೆಯಾಗಿ, ಒಕಟಿ, ರೆಂಡು ಎನ್ನುತ್ತಾ ನೋಡಿದೆ. ಎಲ್ಲೂ ತಪ್ಪಿರಲಿಲ್ಲ.

“ಮರ್ತ್ಬುಟ್ಟವಳೆ ನಮ್ಮವ್ವ. ಸುಸ್ತಾಗಿತ್ತಲ್ಲ” ಎಂದಳು ಅಕ್ಕ. ಹಾಗೆಂದವಳು ನನ್ನ ಮುಖ ನೋಡಿದಳು. ದೊಡ್ಡಮ್ಮ ಮರೆಯುವವರಲ್ಲ, ಮಗಳಿಗೆ ತಪ್ಪೆಳೆ ದಾಟಿಸಬಾರದೆಂದೇ ಹಾಗೆ ನೇಯ್ದಿದ್ದಾರೆ ಎಂದು ಇಬ್ಬರಿಗೂ ಗೊತ್ತಿತ್ತು. ಬಹಳ ಹೊತ್ತು ಆ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅವಳ ಮಗಳು, ಓಲೆ ಹಾಕಿಕೊಂಡ ಕಿವಿಯನ್ನು ಆ ರೇಷ್ಮೆಗೆ ಉಜ್ಜುತ್ತಾ, ಬೆಚ್ಚಗಿದೆ ಎಂದು ಆಡುತ್ತಿತ್ತು.

ಮುಂದಿನ ವಾರ ಅಕ್ಕನೇ ಫೋನು ಮಾಡಿದಳು: “ಯಾವತ್ತು ಓಗನ?”

ಯಳಂದೂರಿನಿಂದ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟೆ. ಹಾರನ್ನಿಗೆ ಟವಲ್ ಸುತ್ತಿದ್ದೆ. ಊರು ದಾಟಿ ಸ್ವಲ್ಪ ದೂರ ಬಂದಿರಬೇಕು, ಹಿಂದಿನಿಂದ ಅವಳು ನನ್ನ ಭುಜ ತಟ್ಟಿದಳು. “ಭಯ ಆಯ್ತದೆ ಕಣೋ. ಒಂದ್ಸಲ ಅವ್ವನ್ ತರ ಏನಾರ ಏಳು.”

ಎಷ್ಟೋ ತಿಂಗಳಿಂದ ಆ ಧ್ವನಿಯನ್ನು ಮುಟ್ಟಿರಲಿಲ್ಲ. ರಸ್ತೆಯ ಮೇಲೆ ಕಣ್ಣಿಟ್ಟು, ಅವರು ಉಸಿರು ತೆಗೆದುಕೊಳ್ಳುತ್ತಿದ್ದ ಕಡೆ ಉಸಿರು ತೆಗೆದುಕೊಂಡು ಹೇಳಿದೆ: “ಸಿಕ್ಕೋ ಗಂಟ ಅದು ಪೀಡೆ ಕಣವ್ವ. ಸಿಕ್ಕುದ್ ಮ್ಯಾಲ ಅದು ಬರೀ ಕೆಲ್ಸ.”

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮೈಸೂರು ಬರುವ ಹೊತ್ತಿಗೆ ಮುಖ ಒರೆಸಿಕೊಂಡು, ತಾಯಿಯ ಹಾಗೇ ನೆಟ್ಟಗೆ ಕೂತಿದ್ದಳು. ಚೆನ್ನಾಗಿ ಬಂತು, ಥೇಟ್ ನಮ್ಮವ್ವನೇ ಎಂದಳು ಇಳಿಯುವಾಗ.

ಚೆನ್ನಾಗಿ ಬರಲೇಬೇಕು. ಅಮಾವಾಸ್ಯೆಯ ಆ ಮಧ್ಯಾಹ್ನ, ಜಗಲಿಯ ಮೇಲೆ, ಅವರ ಎದುರಿಗೇ ನಿಂತಿದ್ದಾಗಲೂ ಆ ಮಾತು ನನ್ನ ಗಂಟಲಲ್ಲೇ ಇತ್ತು.